ಅಂಗಡಿಗೊಂದು ಲೋಗೋ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಾಟನ್‌ಪೇಟೆಯಲ್ಲಿ ನಮ್ಮದೊಂದು ಪುಟ್ಟ ಡಿಸೈನ್ ಅಂಗಡಿ. ಒಂದು ಕಂಪ್ಯೂಟರು, ಎರಡು ಕುರ್ಚಿ. ವಿಸಿಟಿಂಗ್ ಕಾರ್ಡು, ಬಿಲ್ ಬುಕ್ಕು, ಬೋರ್ಡು ಮಾಡಿಸಲು ಬಂದವರು ಆ ಎರಡನೇ ಕುರ್ಚಿಯಲ್ಲಿ ಕೂತು ಕೇಳುವ ಪ್ರಶ್ನೆಗಳು ಇವು. ಹೇಳಿ ಹೇಳಿ ಬಾಯಿಪಾಠ ಆಗಿದೆ, ಬರೆದೇ ಇಡೋಣ ಅನ್ನಿಸಿತು. ಕಾಂಡಿಮೆಂಟ್ಸ್ ಅಂಗಡಿ, ಟೈಲರಿಂಗ್, ಸಲೂನು, ಟ್ಯೂಷನ್, ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುವವರು, ಇಂಥವರಿಗೆ ಇದು. ದೊಡ್ಡ ಕಂಪನಿಗಳಿಗೆ ಹೇಳಲು ಬೇರೆಯವರಿದ್ದಾರೆ.

ನನ್ನದು ಚಿಕ್ಕ ಅಂಗಡಿ. ಲೋಗೋ ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ. ಬೀದಿ ಮೂಲೆಯ ಅಂಗಡಿ, ಗಿರಾಕಿಗಳು ನಿಮ್ಮ ಮುಖ ನೋಡಿಯೇ ಬರುತ್ತಾರೆ ಅಂದರೆ ಹೆಸರನ್ನು ಚೆನ್ನಾಗಿ ಬರೆಸಿ, ಸಾಕು. ನಿಮ್ಮ ಸಾಮಾನು ನಿಮ್ಮನ್ನು ಬಿಟ್ಟು ಹೊರಗೆ ಹೊರಟಾಗ ಲೋಗೋ ಬೇಕಾಗುತ್ತದೆ. ಡಬ್ಬಿಯ ಮೇಲೆ, ಪಾರ್ಸಲ್ ಕವರಿನ ಮೇಲೆ, ಫೋನಿನ ತೆರೆಯ ಮೇಲೆ. ಅಲ್ಲಿ ಮಾತಾಡಿಸಲು ನೀವಿರುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು?

ಚಿತ್ರದಿಂದ ಅಲ್ಲ, ಜಾಗದಿಂದ. ಒಂದು ಹಾಳೆ ತೆಗೆದುಕೊಂಡು ನಿಮ್ಮ ಹೆಸರು ಎಲ್ಲೆಲ್ಲಿ ಅಂಟುತ್ತದೆ ಅಂತ ಬರೆಯಿರಿ. ಬೋರ್ಡು, ಬಿಲ್ಲು, ರಬ್ಬರ್ ಸ್ಟಾಂಪು, ವಾಟ್ಸ್ಯಾಪ್ ಡಿಪಿ, ಪ್ಯಾಕೆಟ್ಟಿನ ಸ್ಟಿಕ್ಕರು, ಹುಡುಗರ ಟೀ ಶರ್ಟು. ಹೆಚ್ಚಿನವರಿಗೆ ಏಳೆಂಟು ಜಾಗ ಬರುತ್ತದೆ. ಅದರಲ್ಲಿ ಅತಿ ದೊಡ್ಡದು ಯಾವುದು, ಅತಿ ಚಿಕ್ಕದು ಯಾವುದು ನೋಡಿ. ಆ ಎರಡರಲ್ಲೂ ಓದಲು ಬಂದರೆ ನಡುವಿನವು ತಾವಾಗಿಯೇ ಸರಿಹೋಗುತ್ತವೆ.

ದೊಡ್ಡದಕ್ಕೆ ಬೋರ್ಡಿನವರ ಒಂದು ಹಳೇ ಲೆಕ್ಕ ಇದೆ: ಹತ್ತು ಅಡಿ ದೂರಕ್ಕೆ ಒಂದಿಂಚು ಎತ್ತರದ ಅಕ್ಷರ. ಎಂಬತ್ತು ಅಡಿ ರಸ್ತೆಯ ಆಚೆ ಬದಿಯಿಂದ ಆರಾಮಾಗಿ ಓದಬೇಕಾದರೆ ಎಂಟಿಂಚು. ಅದು ಇಂಗ್ಲಿಷ್ ಅಕ್ಷರ ನೋಡಿ ಮಾಡಿದ ಲೆಕ್ಕ. ಕನ್ನಡದಲ್ಲಿ ಒತ್ತಕ್ಷರ ಚಿಕ್ಕದಾಗಿ ಕೆಳಗೆ ಬರುತ್ತದಲ್ಲ, ಹಾಗಾಗಿ ನಾನು ಇನ್ನೊಂದು ಇಂಚು ಸೇರಿಸುತ್ತೇನೆ. ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಸಿಗ್ನಲ್ ಹಸಿರಾಗುವುದರೊಳಗೆ ಓದಿ ಮುಗಿಯಬೇಕು.

ಚಿಕ್ಕದು ಸಾಮಾನ್ಯವಾಗಿ ರಬ್ಬರ್ ಸ್ಟಾಂಪು ಅಥವಾ ಡಿಪಿ. ಡಿಪಿಯನ್ನು ಫೋನು ಗುಂಡಗೆ ಕತ್ತರಿಸುತ್ತದೆ ಅನ್ನುವುದು ನೆನಪಿರಲಿ. ಉದ್ದನೆಯ ಹೆಸರಾದರೆ ಎರಡೂ ತುದಿ ಹೋಗಿ ನಡುವಿನ ನಾಲ್ಕಕ್ಷರ ಉಳಿಯುತ್ತದೆ. ಅದಕ್ಕೆ ಮೊದಲಕ್ಷರ ಮಾತ್ರ ಇರುವ ಇನ್ನೊಂದು ಗುಂಡು ರೂಪ ಮಾಡಿಸಿಟ್ಟುಕೊಳ್ಳಿ.

ಲೋಗೋದಲ್ಲಿ ಏನೇನು ಹಾಕಿಸಬೇಕು?

ಇದಕ್ಕೆ ಒಂದು ಕಥೆಯೇ ಹೇಳಬೇಕು. ಕಾಂಡಿಮೆಂಟ್ಸ್ ಅಂಗಡಿಯ ಯಜಮಾನರೊಬ್ಬರು ಚೀಟಿ ಬರೆದುಕೊಂಡೇ ಬಂದಿದ್ದರು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಒಂದು ದೀಪ, ಕೆಳಗೆ ಕಮಲ, ಸುತ್ತ ಬಳ್ಳಿ, "ಶುಚಿ ರುಚಿ" ಅಂತ ಒಂದು ಸಾಲು, ಜೊತೆಗೆ ಎರಡು ಫೋನ್ ನಂಬರು. "ಎಲ್ಲಾ ಸ್ವಲ್ಪ ಸ್ವಲ್ಪ ಬರಲಿ ಸಾರ್" ಅಂದರು. ಹಾಗೇ ಮಾಡಿಕೊಟ್ಟೆ. ಕಂಪ್ಯೂಟರಿನಲ್ಲಿ ಭರ್ಜರಿಯಾಗಿ ಕಾಣುತ್ತಿತ್ತು. ಆಮೇಲೆ ಅದನ್ನೇ ಒಂದಿಂಚಿಗೆ ಇಳಿಸಿ, ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಚಕ್ಕುಲಿ ಬೆರಳಚ್ಚಿನ ಹಾಗೆ ಕಂಡಿತು. ನಿಪ್ಪಟ್ಟು ಬರೀ ಮಸಿ. ಅವರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, "ಇದೇನು, ಹಾವಾ?" ಅಂದರು. ಅದು ಬಳ್ಳಿ.

ಆಮೇಲೆ ಒಂದೊಂದೇ ಅಳಿಸಿದೆವು. ಫೋನ್ ನಂಬರು ಮೊದಲು ಹೋಯಿತು. ಅದಕ್ಕೆ ಬೋರ್ಡಿನಲ್ಲಿ ಬೇರೆ ಜಾಗ ಇದೆ, ನಾಳೆ ಬದಲಾಗಲೂಬಹುದು. ಕಮಲ, ದೀಪ, ಬಳ್ಳಿ ಹೋದವು. "ಶುಚಿ ರುಚಿ"ಗೆ ಸ್ವಲ್ಪ ಜಗಳ ಆಯಿತು, ಅದೂ ಹೋಯಿತು. ಕೊನೆಗೆ ಹೆಸರೊಂದೇ ಉಳಿಯಿತು. ಆಗ ಕಣ್ಣಿಗೆ ಬಿದ್ದದ್ದು: "ಕಾಂಡಿಮೆಂಟ್ಸ್" ಅನ್ನುವ ಪದದಲ್ಲೇ ಎರಡು ಸೊನ್ನೆ ಇವೆ. ಸೊನ್ನೆ ಅಂದರೆ ಕೋಡುಬಳೆಯೇ ಅಲ್ವಾ? ಮೊದಲನೇ ಸೊನ್ನೆಯನ್ನು ಸ್ವಲ್ಪ ದಪ್ಪ ಮಾಡಿ, ತುದಿ ಒಂದರ ಮೇಲೊಂದು ಕೂರುವ ಹಾಗೆ ತಿರುಚಿದೆ. ಎರಡನೆಯದನ್ನು ಮುಟ್ಟಲಿಲ್ಲ. ಎರಡೂ ಕೋಡುಬಳೆ ಆಗಿದ್ದರೆ ಅದು ಬರೀ ಅಲಂಕಾರ, ಒಂದೇ ಇದ್ದುದಕ್ಕೆ ಜನ ಗಮನಿಸಿದರು. ಈಗ ಅವರ ಡಿಪಿ ಕೂಡ ಆ ಒಂದು ಕೋಡುಬಳೆಯೇ.

ಲೋಗೋ ನೋಡಿದ ಕೂಡಲೇ ನಾವು ಏನು ಮಾರುತ್ತೇವೆ ಅಂತ ಗೊತ್ತಾಗಬೇಡವಾ?

ಗೊತ್ತಾದರೆ ಒಳ್ಳೆಯದು, ಆಗಲೇಬೇಕು ಅಂತಿಲ್ಲ. ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ನೋಡಿ. ಅದರ ಮೇಲಿರುವುದು ಶರಭ, ಆನೆಯ ತಲೆ, ಸಿಂಹದ ಮೈ. ಸೋಪಿಗೂ ಅದಕ್ಕೂ ಏನು ಸಂಬಂಧ? ಆದರೂ ಕರ್ನಾಟಕದಲ್ಲಿ ಅದನ್ನು ಬೇರೆ ಯಾವುದೋ ಅಂದುಕೊಳ್ಳುವವರಿಲ್ಲ. ಸ್ಟೇಟ್ ಬ್ಯಾಂಕಿನ ನೀಲಿ ಗುಂಡು ನೋಡಿ. 1971ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನ ಶೇಖರ್ ಕಾಮತ್ ಮಾಡಿದ್ದು. ಒಂದು ವೃತ್ತ, ಬೀಗದ ಕಿಂಡಿಯ ಹಾಗೆ ಒಂದು ಸೀಳು, ಅಷ್ಟೇ. ರೂಪಾಯಿ ಇಲ್ಲ, ತಿಜೋರಿ ಇಲ್ಲ. ಐವತ್ತು ವರ್ಷ ದಾಟಿದರೂ ಪಾಸ್‌ಬುಕ್ಕಿನ ಮೂಲೆಯಲ್ಲೂ ಕಾಣುತ್ತದೆ, ನಾಲ್ಕಂತಸ್ತಿನ ಕಟ್ಟಡದ ಮೇಲೂ ಕಾಣುತ್ತದೆ.

ಟೈಲರ್ ಅಂದರೆ ಕತ್ತರಿ, ಸಲೂನ್ ಅಂದರೆ ಬಾಚಣಿಗೆ, ದಂತವೈದ್ಯರು ಅಂದರೆ ಹಲ್ಲು. ತಪ್ಪೇನಿಲ್ಲ. ಆದರೆ ಅದೇ ರಸ್ತೆಯಲ್ಲಿ ಇನ್ನೂ ಮೂರು ಕತ್ತರಿ ಇದ್ದರೆ ನಿಮ್ಮದು ನಾಲ್ಕನೆಯದು. ಬೀದಿಯಲ್ಲಿ ಒಮ್ಮೆ ನಡೆದು, ಸುತ್ತಲಿನ ಬೋರ್ಡುಗಳ ಫೋಟೋ ತೆಗೆದುಕೊಂಡು ಬನ್ನಿ. ನಾನು ಎಲ್ಲರಿಗೂ ಕೊಡುವ ಹೋಂವರ್ಕ್ ಇದು. ಮಾಡಿಕೊಂಡು ಬರುವವರು ಕಡಿಮೆ.

ಬರೀ ಹೆಸರನ್ನೇ ಲೋಗೋ ಮಾಡಬಹುದಾ?

ಮಾಡಬಹುದು. ಚಿಕ್ಕ ವ್ಯಾಪಾರಕ್ಕೆ ನನ್ನ ಮೊದಲ ಸಲಹೆ ಅದೇ. ಜನ ನಿಮ್ಮ ಹೆಸರನ್ನೇ ಇನ್ನೂ ಕಲಿಯುತ್ತಿರುತ್ತಾರೆ, ಅದರ ಜೊತೆ ಒಂದು ಚಿತ್ರವನ್ನೂ ಕಲಿಯಿರಿ ಅಂದರೆ ಜಾಸ್ತಿ ಆಯಿತು.

ಕನ್ನಡದಲ್ಲಿ ಮಾಡಿಸಬೇಕಾ, ಇಂಗ್ಲಿಷಿನಲ್ಲಾ?

ಬೋರ್ಡಿನ ಮಟ್ಟಿಗೆ ಕಾನೂನೇ ಉತ್ತರ ಹೇಳಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಆ ವರ್ಷದ ಮೊದಲ ಎರಡು ತಿಂಗಳು ಈ ಬೀದಿಯ ಬೋರ್ಡಿನವರು ರಾತ್ರಿ ನಿದ್ದೆ ಮಾಡಲಿಲ್ಲ. ಅರ್ಜೆಂಟಿಗೆ ಬಂದವರು ಮಾಡಿಸಿದ್ದು ಏನು ಗೊತ್ತಾ? ಇಂಗ್ಲಿಷ್ ಲೋಗೋವನ್ನು ಕೆಳಗೆ ತಳ್ಳಿ, ಮೇಲೆ ಯಾವುದೋ ಒಂದು ಫಾಂಟಿನಲ್ಲಿ ಕನ್ನಡ ತುಂಬಿಸಿದರು. ಕೆಳಗಿನದು ನೆಂಟ, ಮೇಲಿನದು ದಾರಿಹೋಕ ಅನ್ನುವ ಹಾಗೆ ಕಾಣುತ್ತಿತ್ತು.

ಹೊಸದಾಗಿ ಮಾಡಿಸುವವರು ಕನ್ನಡವನ್ನೇ ಮೊದಲು ಬರೆಸಿ, ಇಂಗ್ಲಿಷನ್ನು ಅದಕ್ಕೆ ಹೊಂದಿಸಿ. ಯಾಕೆ ಅಂದರೆ ಕಷ್ಟ ಇರುವುದು ಕನ್ನಡದಲ್ಲಿ. ನಮ್ಮ ಅಕ್ಷರಕ್ಕೆ ಮೇಲೆ ತಲಕಟ್ಟು, ಗುಡಿಸು, ಕೆಳಗೆ ಒತ್ತು, ಬಲಕ್ಕೆ ದೀರ್ಘ, ಅರ್ಕಾವತ್ತು. ನಾಲ್ಕೂ ಕಡೆ ಕೈಕಾಲು ಚಾಚುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಇಟ್ಟಿಗೆ ಜೋಡಿಸಿದ ಹಾಗೆ ಸಾಲಾಗಿ ನಿಲ್ಲುತ್ತವೆ. ಇಟ್ಟಿಗೆ ಮೊದಲು ಕಟ್ಟಿ, ಆಮೇಲೆ ಬಳ್ಳಿಗೆ ಜಾಗ ಹುಡುಕಿದರೆ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ.

ಇನ್ನೊಂದು ತೊಂದರೆ ಸೀಳು. ದ ಮತ್ತು ಧ, ಬ ಮತ್ತು ಭ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಗೀಟು. ದಪ್ಪ ಅಕ್ಷರದಲ್ಲಿ, ಚಿಕ್ಕ ಅಳತೆಯಲ್ಲಿ ಅದು ಮುಚ್ಚಿಕೊಳ್ಳುತ್ತದೆ. "ಧಾನ್ಯ ಭಂಡಾರ" ಹೋಗಿ "ದಾನ್ಯ ಬಂಡಾರ" ಆಗುತ್ತದೆ. ಮಹಾಪ್ರಾಣ ಇರುವ ಹೆಸರಾದರೆ ಆ ಗೀಟನ್ನು ಬೇಕೆಂದೇ ಉದ್ದ ಮಾಡಿಸಿ.

ಎರಡೂ ಲಿಪಿ ಬೆರೆಸಿ ಮಾಡಬಹುದಾ ಅಂತಲೂ ಕೇಳುತ್ತಾರೆ. 2017ರ ಡಿಸೆಂಬರಿನಲ್ಲಿ ಬೆಂಗಳೂರಿಗೇ ಒಂದು ಲೋಗೋ ಬಂತಲ್ಲ, ಅದು ಕನ್ನಡ ಇಂಗ್ಲಿಷ್ ಬೆರೆಸಿ ಬರೆದದ್ದೇ. ಎಲ್ಲರೂ ಬಲ್ಲ ಊರಿನ ಹೆಸರಿಗೆ ಅದು ನಡೆಯುತ್ತದೆ. ಯಾರಿಗೂ ಗೊತ್ತಿಲ್ಲದ ಹೊಸ ಬೇಕರಿಯ ಹೆಸರನ್ನು ಹಾಗೆ ಬರೆದರೆ ಓದುವವನು ಎಡವುತ್ತಾನೆ.

ಯಾವ ಫಾಂಟು ಒಳ್ಳೆಯದು? ದುಡ್ಡು ಕೊಡಬೇಕಾ?

ಪುಕ್ಕಟೆ ಸಿಗುವ ಒಳ್ಳೆಯ ಕನ್ನಡ ಫಾಂಟುಗಳು ಈಗ ಬೇಕಾದಷ್ಟಿವೆ. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ, ಬೆಣ್ಣೆ. ಇವು ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ವ್ಯಾಪಾರಕ್ಕೆ ಬಳಸಬಹುದು, ಫಾಂಟನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ ಅಷ್ಟೇ. ತೊಂದರೆ ಏನೆಂದರೆ ಎಲ್ಲರಿಗೂ ಸಿಗುತ್ತವೆ. ಬಾಲೂ ತಮ್ಮ ಗುಂಡುಗುಂಡಾಗಿ ಮುದ್ದಾಗಿದೆ ಅಂತ ಎಷ್ಟು ಜನ ಹಾಕಿದ್ದಾರೆ ಅಂದರೆ, ಒಂದೇ ರಸ್ತೆಯಲ್ಲಿ ಜ್ಯೂಸ್ ಅಂಗಡಿಯೂ ಅದೇ, ಪ್ಲೇ ಹೋಂ ಕೂಡ ಅದೇ. ಫಾಂಟಿನಿಂದ ಶುರು ಮಾಡಿ, ಆದರೆ ಒಂದೆರಡು ಅಕ್ಷರವನ್ನಾದರೂ ಕೈಯಲ್ಲಿ ತಿದ್ದಿಸಿ.

ಒತ್ತಕ್ಷರದ ಬಗ್ಗೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಶುರುವಿನ ದಿನಗಳಲ್ಲಿ ಒಬ್ಬ ಟೈಲರಿಗೆ ಐನೂರು ಕಾರ್ಡು ಮಾಡಿಕೊಟ್ಟೆ. ನನ್ನ ಕಂಪ್ಯೂಟರಿನಲ್ಲಿ "ವಸ್ತ್ರ" ಸರಿಯಾಗಿಯೇ ಇತ್ತು. ಪ್ರೆಸ್ಸಿನವರು ತಮ್ಮ ಕಂಪ್ಯೂಟರಿನಲ್ಲಿ ತೆರೆದಾಗ ಅದು "ವಸ್‌ತ್‌ರ" ಆಗಿತ್ತು. ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಐನೂರೂ ಕಾರ್ಡು ರದ್ದಿಗೆ ಹೋಯಿತು, ದುಡ್ಡು ನನ್ನ ಜೇಬಿನಿಂದ. ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಭಾರತದ ಲಿಪಿಗಳಿಗೆ ಬೇರೆ ಸೆಟ್ಟಿಂಗ್ ಇರುತ್ತದೆ. ಅದನ್ನು ಆನ್ ಮಾಡದಿದ್ದರೆ ಒತ್ತು ಒಡೆದು ಪಕ್ಕಕ್ಕೆ ನಿಲ್ಲುತ್ತದೆ. ಹಳೇ "ನುಡಿ" ತಂತ್ರಾಂಶದ ಫಾಂಟಿನ ಫೈಲಾದರೆ, ಆ ಫಾಂಟ್ ಇಲ್ಲದ ಕಡೆ ಪೂರ್ತಿ ಗೊಜ್ಜು. ಇದಕ್ಕೆ ಮದ್ದು ಒಂದೇ: ಫೈಲು ಕೊಡುವ ಮುಂಚೆ ಅಕ್ಷರಗಳನ್ನು ಔಟ್‌ಲೈನ್ ಮಾಡಿಸಿ, ಅಂದರೆ ಅಕ್ಷರ ಅಕ್ಷರವಾಗಿ ಉಳಿಯದೆ ಗೆರೆಯಾಗುತ್ತದೆ. ಆಮೇಲೆ ಯಾವ ಕಂಪ್ಯೂಟರೂ ಅದನ್ನು ಒಡೆಯಲಾರದು.

ಎಷ್ಟು ಬಣ್ಣ ಇರಬೇಕು?

ಒಂದು. ಬಹಳ ಆಸೆ ಇದ್ದರೆ ಎರಡು.

ಮೊದಲು ಕಪ್ಪಿನಲ್ಲೇ ಮುಗಿಸಿ. ಕಪ್ಪಿನಲ್ಲಿ ನಿಲ್ಲದ್ದು ಬಣ್ಣದಲ್ಲೂ ನಿಲ್ಲುವುದಿಲ್ಲ. ಬಣ್ಣದ ಛಾಯೆ ಮೇಲಿಂದ ಕೆಳಗೆ ಬದಲಾಗುವ ಲೋಗೋ ಫೋನಿನಲ್ಲಿ ಚಂದ. ಆದರೆ ರಬ್ಬರ್ ಸ್ಟಾಂಪಿಗೆ, ರೇಡಿಯಂ ಕಟಿಂಗಿಗೆ, ಅಕ್ರಿಲಿಕ್ ಅಕ್ಷರಕ್ಕೆ ಬರುವುದೇ ಇಲ್ಲ. ಫೋನಿನಲ್ಲಿ ಮಿನುಗುವ ಹಸಿರು, ಗುಲಾಬಿ ಕಾಗದದ ಮೇಲೆ ಮಂಕಾಗಿ ಬರುತ್ತವೆ. ತೆರೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಶಾಯಿಯಿಂದ. ಹೀಗಾಗಿ ಸಾವಿರ ಪ್ರತಿ ಹಾಕಿಸುವ ಮುಂಚೆ ಒಂದು ಪ್ರತಿ ತೆಗೆಸಿ, ಹೊರಗೆ ಬಿಸಿಲಿಗೆ ಹಿಡಿದು ನೋಡಿ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯಾದರೆ ಫ್ಲೆಕ್ಸಿನಲ್ಲಿ ಕೆಂಪು ಬೇಗ ಬಿಳಚಿಕೊಳ್ಳುತ್ತದೆ, ಇದು ಕಣ್ಣಾರೆ ನೋಡಿದ್ದು.

ಫೋನಿನಲ್ಲಿ ನಾನೇ ಮಾಡಿಕೊಂಡರೆ? ಎಐ ಕೇಳಿದರೆ ಮಾಡಿಕೊಡುತ್ತಲ್ಲ?

ಧಾರಾಳವಾಗಿ ಮಾಡಿಕೊಳ್ಳಿ, ಎರಡು ವಿಷಯ ತಿಳಿದಿರಲಿ. ಕ್ಯಾನ್ವಾದಂಥ ಆಪ್‌ಗಳ ರೆಡಿಮೇಡ್ ಚಿತ್ರಗಳನ್ನು ನಿಮ್ಮ ಹಾಗೇ ಬೇರೆಯವರೂ ಬಳಸುತ್ತಿರುತ್ತಾರೆ. ಅವುಗಳನ್ನು ಟ್ರೇಡ್‌ಮಾರ್ಕ್ ಮಾಡಿಸಲು, ಅಂದರೆ ನಿಮ್ಮೊಬ್ಬರದೇ ಗುರುತು ಅಂತ ಸರ್ಕಾರದಲ್ಲಿ ನೋಂದಣಿ ಮಾಡಿಸಲು, ಆ ಆಪ್‌ನವರ ನಿಯಮ ಬಿಡುವುದೂ ಇಲ್ಲ. ಬರೀ ಅಕ್ಷರ, ವೃತ್ತ, ಗೆರೆ ಬಳಸಿ ಮಾಡಿದರೆ ಆ ತಕರಾರಿಲ್ಲ.

ಎಐ ಚಿತ್ರದ ವಿಷಯ ಬೇರೆ. ಚಿತ್ರ ಬಣ್ಣಬಣ್ಣವಾಗಿ ಬರುತ್ತದೆ, ಕನ್ನಡ ಅಕ್ಷರ ಮಾತ್ರ ಎಷ್ಟೋ ಸಲ ಕನ್ನಡವೇ ಆಗಿರುವುದಿಲ್ಲ. ದೂರದಿಂದ ನೋಡಿದರೆ ಕನ್ನಡ, ಹತ್ತಿರ ಹೋದರೆ ಜಿಲೇಬಿ. ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಡಿಸೈನರಿಗೆ ತೋರಿಸಲು ಬಳಸಿ, ಆ ಚಿತ್ರವನ್ನೇ ಬೋರ್ಡಿಗೆ ಏರಿಸಬೇಡಿ.

ದೇವರ ಚಿತ್ರ, ಗಂಡಭೇರುಂಡ, ಕೆಂಪು ಪ್ಲಸ್ ಹಾಕಬಹುದಾ?

ದೇವರನ್ನು ಬೋರ್ಡಿನ ಮೂಲೆಯಲ್ಲಿಡಿ, ಲೋಗೋದೊಳಗೆ ಬೇಡ. ಲೋಗೋ ಹೋಗುವುದು ಪೇಪರ್ ಕಪ್ಪಿನ ಮೇಲೆ, ಕ್ಯಾರಿ ಬ್ಯಾಗಿನ ಮೇಲೆ. ಅವೆಲ್ಲ ಕೊನೆಗೆ ಸೇರುವುದು ಕಸದ ಬುಟ್ಟಿಗೆ. ಕಾನೂನೂ ಅಡ್ಡ ಬರಬಹುದು. ಊದಿನಕಡ್ಡಿಗೆ "ರಾಮಾಯಣ" ಅನ್ನುವ ಹೆಸರನ್ನು ಒಬ್ಬರದೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ಗಂಡಭೇರುಂಡ ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ. ಸರ್ಕಾರಿ ಲಾಂಛನ, ರಾಷ್ಟ್ರಧ್ವಜ ಇವನ್ನೆಲ್ಲ ವ್ಯಾಪಾರದ ಗುರುತಾಗಿ ಬಳಸುವುದನ್ನು 1950ರ ಕಾಯ್ದೆಯೊಂದು ತಡೆಯುತ್ತದೆ. ಬಿಳಿಯ ಮೇಲಿನ ಕೆಂಪು ಪ್ಲಸ್ ರೆಡ್ ಕ್ರಾಸಿನ ಗುರುತು, 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಬಳಸುವಂತಿಲ್ಲ. ಮೆಡಿಕಲ್ ಸ್ಟೋರಿನವರು ಹಸಿರು ಪ್ಲಸ್ ಹಾಕಿಕೊಳ್ಳಿ.

ಸಂಖ್ಯಾಶಾಸ್ತ್ರದವರು ಹೆಸರಿಗೆ ಇನ್ನೊಂದು "ಎ" ಸೇರಿಸಿ ಅಂದಿದ್ದಾರೆ.

ಸೇರಿಸಿ. ಇಂಗ್ಲಿಷಿನಲ್ಲಿ ತಾನೇ? ಕನ್ನಡದಲ್ಲಿ ಹೆಸರು ಹೇಗಿದೆಯೋ ಹಾಗೇ ಇರಲಿ.

ಎಷ್ಟು ಖರ್ಚಾಗುತ್ತದೆ?

ಐನೂರಕ್ಕೂ ಮಾಡುವವರಿದ್ದಾರೆ, ಲಕ್ಷ ತೆಗೆದುಕೊಳ್ಳುವವರೂ ಇದ್ದಾರೆ. ನೈಕಿ ಶೂಗಳ ಮೇಲಿನ ಆ ಬಾಗಿದ ಗೆರೆಯನ್ನು 1971ರಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ 35 ಡಾಲರಿಗೆ ಬರೆದುಕೊಟ್ಟಳು. ನಮ್ಮ ಗಿರಾಕಿಗಳಲ್ಲಿ ಒಬ್ಬರಿಗೆ ಈ ಕಥೆ ಗೊತ್ತಾಗಿ, ಚೌಕಾಶಿಗೆ ಅದನ್ನೇ ಹಿಡಿದುಕೊಂಡಿದ್ದಾರೆ. ಅಂಗಡಿಗೆ ಒಟ್ಟು ಖರ್ಚು ಮಾಡುವುದರಲ್ಲಿ ಬೋರ್ಡಿಗೆ ಜಾಸ್ತಿ ಇಡಿ, ಲೋಗೋಗೆ ಕಡಿಮೆ ಇಡಿ. ಸಾಧಾರಣ ಲೋಗೋ ಒಳ್ಳೆಯ ಬೋರ್ಡಿನಲ್ಲಿ ನಡೆದುಹೋಗುತ್ತದೆ. ಅದ್ಭುತ ಲೋಗೋ ಜೋತುಬಿದ್ದ ಫ್ಲೆಕ್ಸಿನಲ್ಲಿ ನಡೆಯುವುದಿಲ್ಲ. ಮಾತಾಡುವಾಗಲೇ ಎಷ್ಟು ಸಲ ತಿದ್ದಿಕೊಡುತ್ತಾರೆ ಅಂತ ಕೇಳಿ. ಜಗಳ ಆಗುವುದು ಅಲ್ಲೇ.

ಡಿಸೈನರ ಹತ್ತಿರ ಏನೇನು ಇಸ್ಕೊಬೇಕು?

ವೆಕ್ಟರ್ ಫೈಲು. ಎಐ (ಇದು ಇಲಸ್ಟ್ರೇಟರ್ ಸಾಫ್ಟ್‌ವೇರಿನ ಫೈಲು, ಚಿತ್ರ ಮಾಡಿಕೊಡುವ ಎಐ ಅಲ್ಲ), ಎಸ್‌ವಿಜಿ ಅಥವಾ ಪಿಡಿಎಫ್. ಇದು ಚುಕ್ಕಿಗಳ ಬದಲು ಗೆರೆಗಳ ಲೆಕ್ಕದಲ್ಲಿ ಉಳಿದಿರುತ್ತದೆ, ಇಪ್ಪತ್ತು ಅಡಿಗೆ ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಜೊತೆಗೆ ಹಿನ್ನೆಲೆ ಇಲ್ಲದ ಪಿಎನ್‌ಜಿ, ಪೂರ್ತಿ ಕಪ್ಪಿನದು, ಪೂರ್ತಿ ಬಿಳಿಯದು, ಡಿಪಿಗೆ ಚೌಕದ್ದು. ಬಣ್ಣದ ಸಿಎಂವೈಕೆ ಅಂಕಿಗಳನ್ನು, ಅಂದರೆ ಪ್ರೆಸ್ಸಿನ ನಾಲ್ಕು ಶಾಯಿ ಎಷ್ಟೆಷ್ಟು ಅನ್ನುವ ಲೆಕ್ಕವನ್ನು, ಬರೆಸಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಪ್ರೆಸ್ಸಿನಲ್ಲೂ ಒಂದೊಂದು ನೀಲಿ ಬರುತ್ತದೆ.

ಇವನ್ನು ವಾಟ್ಸ್ಯಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆದರೆ ಅದು ಹಿಂಡಿಬಿಡುತ್ತದೆ. "ಲೋಗೋ ಇದೆ ಸಾರ್" ಅಂತ ತಮ್ಮದೇ ಬೋರ್ಡಿನ ಫೋಟೋ ತೆಗೆದು ಕಳಿಸುವವರು ವಾರಕ್ಕೆ ಇಬ್ಬರಾದರೂ ಇರುತ್ತಾರೆ. ಅದರಲ್ಲಿ ಕರೆಂಟ್ ವೈರೂ ಇರುತ್ತದೆ, ಒಂದು ಪಾರಿವಾಳವೂ ಇರುತ್ತದೆ.

ದುಡ್ಡು ಕೊಟ್ಟ ಮೇಲೆ ಲೋಗೋ ನನ್ನದೇ ಅಲ್ವಾ?

ಹಾಗೆ ಎಲ್ಲರೂ ಅಂದುಕೊಂಡಿರುತ್ತಾರೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರದ ಮೊದಲ ಹಕ್ಕುದಾರ ಅದನ್ನು ಬರೆದವನು. ಸಂಬಳಕ್ಕಿರುವ ನೌಕರ ಬರೆದರೆ ಧಣಿಯದು, ನನ್ನ ಹಾಗೆ ಹೊರಗಿನವನು ಬರೆದರೆ ಅವನದೇ. ಹಕ್ಕು ನಿಮಗೆ ಬರಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಬರೆದುಕೊಡಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತಲೂ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತಲೂ ಲೆಕ್ಕ. ಆದ್ದರಿಂದ "ಶಾಶ್ವತವಾಗಿ, ಎಲ್ಲ ದೇಶಗಳಿಗೂ" ಅಂತ ಒಂದು ಸಾಲು ಸೇರಿಸಿ. ಅರ್ಧ ಪುಟ ಸಾಕು. ನಮ್ಮ ಅಂಗಡಿಯಲ್ಲಿ ಬಿಲ್ಲಿನ ಹಿಂದೆಯೇ ಅಚ್ಚು ಹಾಕಿಸಿದ್ದೇವೆ.

ಟ್ರೇಡ್‌ಮಾರ್ಕ್ ಮಾಡಿಸಬೇಕಾ?

ಪ್ಯಾಕೆಟ್ ಮಾಡಿ ಮಾರುವವರಾದರೆ ಮಾಡಿಸಿ. ಬೀದಿ ಬಿಟ್ಟು ಹೋಗದ ಅಂಗಡಿಯಾದರೆ ಅವಸರವಿಲ್ಲ. ಮೊದಲು ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಹುಡುಕಿ, ನಿಮ್ಮ ಹೆಸರು ಆಗಲೇ ಬೇರೆಯವರ ಪಾಲಾಗಿದೆಯಾ ನೋಡಿ. ಇದನ್ನು ಬೋರ್ಡು ಹಾಕಿಸುವ ಮುಂಚೆ ಮಾಡಬೇಕು, ಆಮೇಲಲ್ಲ. ಮಾರುವ ಸಾಮಾನು, ಸೇವೆಗಳಿಗೆ ಒಟ್ಟು 45 ವರ್ಗಗಳಿವೆ. ಕಾಫಿ ಪುಡಿ, ಮಸಾಲೆ 30ರಲ್ಲಿ ಬರುತ್ತವೆ, ಬಟ್ಟೆ 25ರಲ್ಲಿ, ಹೋಟೆಲು 43ರಲ್ಲಿ. ಆನ್‌ಲೈನ್ ಅರ್ಜಿಗೆ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ 4,500 ರೂಪಾಯಿ, ಉಳಿದವರಿಗೆ 9,000. ಸಣ್ಣ ಉದ್ಯಮ ಅಂತ ತೋರಿಸಲು ಉದ್ಯಮ್ ನೋಂದಣಿ ಇರಲಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಿಸುತ್ತಾ ಹೋಗಬಹುದು.

"ಟಿಎಂ" ಅಂತ ಯಾವಾಗ ಬೇಕಾದರೂ ಹಾಕಿಕೊಳ್ಳಿ. ಗುಂಡಿನೊಳಗಿನ "ಆರ್" ಗುರುತನ್ನು ನೋಂದಣಿ ಆಗುವವರೆಗೂ ಹಾಕಬೇಡಿ, ಅದು ಅಪರಾಧ.

ಲೋಗೋ ಚೆನ್ನಾಗಿ ಬಂದಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಮನೆಯವರ ವಾಟ್ಸ್ಯಾಪ್ ಗುಂಪಿಗೆ ಮಾತ್ರ ಹಾಕಬೇಡಿ. ಭಾವ ನೀಲಿ ಅನ್ನುತ್ತಾರೆ, ಅತ್ತಿಗೆ ಹಸಿರು ಅನ್ನುತ್ತಾರೆ, ರಾತ್ರಿ ಹತ್ತಕ್ಕೆ ನನಗೆ ಫೋನ್ ಬರುತ್ತದೆ. ಅದರ ಬದಲು ಗೊತ್ತಿಲ್ಲದ ಒಬ್ಬರಿಗೆ ಐದು ಎಣಿಸುವಷ್ಟು ಹೊತ್ತು ತೋರಿಸಿ, ಮುಚ್ಚಿ, ಪೆನ್ನು ಕೊಟ್ಟು "ನೆನಪಿದ್ದಷ್ಟು ಬರೆಯಿರಿ" ಅನ್ನಿ. ಎದುರಿನ ಟೀ ಅಂಗಡಿಯ ಹುಡುಗನೇ ನಮ್ಮ ಪರೀಕ್ಷಕ. ಅವನು ಬರೆದದ್ದರಲ್ಲಿ ಹೆಸರೂ ಆಕಾರವೂ ಹೆಚ್ಚುಕಮ್ಮಿ ಬಂದಿದ್ದರೆ ಪಾಸು. ಆಮೇಲೆ ಜೆರಾಕ್ಸ್ ತೆಗೆದು, ಆ ಜೆರಾಕ್ಸಿನ ಜೆರಾಕ್ಸ್ ತೆಗೆಯಿರಿ. ಇನ್ನೂ ಓದಲು ಬರುತ್ತಾ?

ಅಪ್ಪನ ಕಾಲದ ಬೋರ್ಡು ಇದೆ. ಬದಲಾಯಿಸಲಾ?

ಬೋರ್ಡು ಬದಲಾಯಿಸಿ, ಅಕ್ಷರ ಬದಲಾಯಿಸುವ ಮುಂಚೆ ಎರಡು ಸಲ ಯೋಚಿಸಿ. ಹಿಂದೆ ಬ್ರಷ್ಷಿನಲ್ಲಿ ಬೋರ್ಡು ಬರೆಯುತ್ತಿದ್ದವರ ಕೈ ಒಬ್ಬೊಬ್ಬರದೂ ಬೇರೆ. ಆ ಅಕ್ಷರ ಇನ್ನೊಂದು ಕಡೆ ಸಿಗುವುದಿಲ್ಲ. ಕೆಳಗಿಳಿಸುವ ಮುಂಚೆ ನೇರವಾಗಿ ಎದುರು ನಿಂತು ಒಂದು ಒಳ್ಳೆಯ ಫೋಟೋ ತೆಗೆದರೆ ಸಾಕು, ಅದರ ಮೇಲೆ ಗೆರೆ ಎಳೆದು ಕಂಪ್ಯೂಟರಿಗೆ ಇಳಿಸಬಹುದು.

ಪಾತ್ರೆ ಅಂಗಡಿಯ ಅಮ್ಮ ಒಬ್ಬರು ಫೋಟೋ ಬೇಡ ಅಂತ ತಗಡಿನ ಬೋರ್ಡನ್ನೇ ಆಟೋದಲ್ಲಿ ಅಡ್ಡ ಇಟ್ಟುಕೊಂಡು ತಂದರು. ಅವರ ಯಜಮಾನರು ಬರೆಸಿದ್ದಂತೆ. ತುಕ್ಕು ಹಿಡಿದಿತ್ತು, ಆದರೆ "ಪಾ" ಅಕ್ಷರದ ದೀರ್ಘ ಮುಂದಿನ ಅಕ್ಷರದ ಕೆಳಗೆ ಸೌಟಿನ ಹಾಗೆ ಬಾಗಿತ್ತು. ಬೇರೆ ಏನೂ ಮಾಡಲಿಲ್ಲ, ಅದನ್ನೇ ಎತ್ತಿಕೊಂಡೆ. ಹೊಸ ಬೋರ್ಡು, ಸ್ಟೀಲ್ ಡಬ್ಬಿಯ ಸ್ಟಿಕ್ಕರು ಎಲ್ಲದರಲ್ಲೂ ಈಗ ಅದೇ ಸೌಟು. ಹಳೇ ತಗಡು ಮಾತ್ರ ಇನ್ನೂ ನಮ್ಮ ಅಂಗಡಿಯ ಬಾಗಿಲ ಹಿಂದೆ ಇದೆ. ಅವತ್ತು ಮಳೆ ಬಂದು ವಾಪಸ್ ಹೋಗಲು ಆಟೋದವರು ಯಾರೂ ಒಪ್ಪಲಿಲ್ಲ. "ನಾಳೆ ಬರ್ತೀನಪ್ಪ, ಹುಷಾರಾಗಿ ಇಟ್ಟಿರು" ಅಂದು ಹೋದವರು.